ಘಾಟಿಯಲ್ಲಿ ದಮ್ಮು ಕಟ್ಟುತ್ತಿದ್ದ ಕಾರು

ಚಾರ್ಮಾಡಿ ಘಾಟಿ ಹತ್ತುವಾಗ ನಮ್ಮ ಕಾರು ಮೊದಲ ಸಲ ಕೈಕೊಟ್ಟಿದ್ದು ಕಳೆದ ವರ್ಷ ಜುಲೈ ತಿಂಗಳ ಒಂದು ಸಂಜೆ. ಮಂಗಳೂರಿನ ಡಾಕ್ಟರಿಗೆ ಅಮ್ಮನನ್ನು ತೋರಿಸಿಕೊಂಡು ಮೂಡಿಗೆರೆಗೆ ವಾಪಸು ಬರ್ತಾ ಇದ್ವಿ. ಕೈಕೊಟ್ಟಿತು ಅಂದರೆ ನಿಂತುಹೋಗಲಿಲ್ಲ. ಎಂಜಿನ್ ಓಡುತ್ತಲೇ ಇತ್ತು, ಆದರೆ ಎಳೆಯುತ್ತಿರಲಿಲ್ಲ. ಎಕ್ಸಲರೇಟರ್ ಪೂರ್ತಿ ತುಳಿದರೂ ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಹಿಡಿದ ಹಾಗೆ. ಮೂರರಿಂದ ಎರಡು, ಎರಡರಿಂದ ಒಂದನೇ ಗೇರಿಗೆ ಇಳಿಸಿದೆ. ಸುತ್ತ ಮಂಜು, ಹಿಂದೆ ಬಸ್ಸಿನ ಹಾರ್ನ್, ಪಕ್ಕದಲ್ಲಿ ಅಮ್ಮ ಕಣ್ಣು ಮುಚ್ಚಿಕೊಂಡು ‘ಅಣ್ಣಪ್ಪ ಸ್ವಾಮೀ’ ಅನ್ನುತ್ತಿದ್ದರು. ಹೇಗೋ ತಿರುವು ದಾಟಿ ಬದಿಗೆ ನಿಲ್ಲಿಸಿದೆ. ಹದಿನೈದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಯೇ ಇಲ್ಲ ಎಂಬಂತೆ ಕೊಟ್ಟಿಗೆಹಾರದ ತನಕ ಸಲೀಸಾಗಿ ಬಂತು.

ಇದು 2004ರಲ್ಲಿ ಅಪ್ಪ ಕೊಂಡ ಕಾರು. ‘ಇದಕ್ಕೆ ಕಾರ್ಬುರೇಟರ್ ಇಲ್ಲ, ಚೋಕ್ ಎಳೆಯೋ ಗೋಜಿಲ್ಲ, ಎಲ್ಲ ಕಂಪ್ಯೂಟರ್ರೇ ನೋಡ್ಕೊಳ್ಳುತ್ತೆ’ ಎಂದು ಅಪ್ಪ ಬಂದವರಿಗೆಲ್ಲ ಬಾನೆಟ್ ಎತ್ತಿ ತೋರಿಸುತ್ತಿದ್ದರು. ಅವರು ಹೋದ ಮೇಲೂ ಅದನ್ನು ಕೊಡಲು ಅಮ್ಮನಿಗೆ ಮನಸ್ಸಿಲ್ಲ. 2019ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಆರ್.ಸಿ. ನವೀಕರಣ ಮಾಡಿಸಿದೆವು. ಬೆಂಗಳೂರಿನಲ್ಲಿರುವ ಅಣ್ಣ ಮಾತ್ರ ಫೋನ್ ಮಾಡಿದಾಗಲೆಲ್ಲ, ‘ಗುಜರಿಗೆ ಹಾಕೇ ಅದನ್ನ. ಅಮ್ಮನ್ನ ಕೂರಿಸ್ಕೊಂಡು ಘಾಟಿಯಲ್ಲಿ ಆಟ ಆಡ್ಬೇಡ’ ಅನ್ನುತ್ತಿದ್ದ. ಅವನ ಮಾತಲ್ಲಿ ತಪ್ಪೂ ಇರಲಿಲ್ಲ. ಅಮ್ಮನಿಗೆ ಆಗ ಇದ್ದಕ್ಕಿದ್ದಂತೆ ತಲೆಸುತ್ತು ಬರುತ್ತಿತ್ತು, ಎರಡು ಸಲ ಅಡುಗೆಮನೆಯಲ್ಲೇ ಬಿದ್ದಿದ್ದರು. ಮಂಗಳೂರಿಗೆ ಹೋಗಿ ಬರುವುದು ತಪ್ಪುವಂತಿರಲಿಲ್ಲ. ಬಾಡಿಗೆ ಕಾರಿನಲ್ಲಿ ಅಮ್ಮನಿಗೆ ವಾಂತಿ. ಬಸ್ಸಂತೂ ಆಗದ ಮಾತು.

ಮೊದಲ ಗ್ಯಾರೇಜಿನವರು ಪ್ಲಗ್ ಬದಲಿಸಿದರು. ಎರಡನೆಯವರು ಪೆಟ್ರೋಲ್ ಫಿಲ್ಟರ್ ಬದಲಿಸಿ, ಥ್ರಾಟಲ್ ಬಾಡಿ ಕ್ಲೀನ್ ಮಾಡಿ, ‘ಕಚಡಾ ಪೆಟ್ರೋಲ್ ಮೇಡಂ’ ಅಂದರು. ಮತ್ತೆ ಘಾಟಿಯಲ್ಲಿ ಅದೇ ಕಥೆ. ಮಂಜಿನಲ್ಲಿ ಕೈಕೊಡುತ್ತದೆ ಎಂದಿದ್ದಕ್ಕೆ ಪ್ಲಗ್ ವೈರುಗಳಿಗೆ ಥಂಡಿ ಹಿಡಿದಿರಬೇಕೆಂದು ಅವನ್ನೂ ಬದಲಿಸಿದರು. ಕೊನೆಗೆ ಟ್ಯಾಂಕಿನೊಳಗಿನ ಫ್ಯೂಯಲ್ ಪಂಪ್. ಅದು ಹಾಕಿಸಿದ ಮೇಲೆ ಒಂದು ಟ್ರಿಪ್ ಚೆನ್ನಾಗಿತ್ತು, ನಾನು ಅಣ್ಣನಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ. ಎರಡನೇ ಟ್ರಿಪ್ಪಿಗೆ ಮತ್ತೆ ದಮ್ಮು ಕಟ್ಟಿತು. ಅಷ್ಟರಲ್ಲಿ ಹದಿನಾಲ್ಕು ಸಾವಿರದ ಮೇಲೆ ಕೈಬಿಟ್ಟಿತ್ತು. ಇವರಲ್ಲಿ ಯಾರೂ ಮೋಸಗಾರರು ಅಂತ ನಾನು ಹೇಳುವುದಿಲ್ಲ. ಗ್ಯಾರೇಜಿನ ಅಂಗಳದಲ್ಲಿ ನಿಲ್ಲಿಸಿದರೆ ಎಂಜಿನ್ ಗಡಿಯಾರದ ಹಾಗೆ ಓಡುತ್ತದೆ, ಊರೊಳಗೆ ಒಂದು ಸುತ್ತು ಹಾಕಿದರೂ ಸರಿ. ಇಲ್ಲದ ಕಾಯಿಲೆಯನ್ನು ಅವರಾದರೂ ಹೇಗೆ ಹುಡುಕಬೇಕು? ಡ್ಯಾಶ್‌ಬೋರ್ಡಿನ ಎಂಜಿನ್ ದೀಪವೂ ಒಂದು ದಿನ ಹತ್ತಿದ್ದಿಲ್ಲ.

ಅಮ್ಮನದೂ ಅದೇ ಪಾಡು. ಡಾಕ್ಟರ ಮುಂದೆ ಮಲಗಿಸಿ ಇಸಿಜಿ ತೆಗೆದರೆ ಎಲ್ಲ ನಾರ್ಮಲ್. ಮೂರನೇ ಭೇಟಿಯಲ್ಲಿ ಡಾಕ್ಟರು, ‘ತಲೆಸುತ್ತು ಬಂದಾಗ ಏನು ಮಾಡ್ತಿದ್ರಿ, ಎಷ್ಟು ಗಂಟೆ, ಊಟ ಆಗಿತ್ತಾ, ಎಲ್ಲ ಬರೆದಿಡಿ. ಬರೋ ಸಲ ಹೋಲ್ಟರ್ ಕಟ್ಟಿ ಕಳಿಸ್ತೀನಿ’ ಅಂದರು. ಎದೆಗೆ ಅಂಟಿಸಿ ಇಡೀ ದಿನ ಹೃದಯದ ಬಡಿತ ದಾಖಲಿಸುವ ಸಣ್ಣ ಪೆಟ್ಟಿಗೆ ಅದು. ಅಮ್ಮ ನನ್ನ ಹಳೇ ನೋಟ್‌ಬುಕ್ ಒಂದನ್ನು ಹುಡುಕಿ ಬರೆಯಲು ಶುರು ಮಾಡಿದರು. ‘ನಿನ್ನ ಕಾರಿಂದೂ ಬರಿಯೇ ಇದರಲ್ಲೇ, ಹಿಂದಿನ ಪುಟದಿಂದ’ ಅಂತ ತಮಾಷೆ ಮಾಡಿದ್ದರು. ನಾನು ನಿಜವಾಗಿಯೂ ಬರೆದೆ.

ಐದು ಟ್ರಿಪ್ ಬರೆದ ಮೇಲೆ ಕೆಲವು ಸಂಗತಿ ಕಂಡವು. ಟ್ಯಾಂಕ್ ತುಂಬಿದ್ದರೂ ಅರ್ಧ ಇದ್ದರೂ ವ್ಯತ್ಯಾಸ ಇಲ್ಲ. ಬೆಳಗ್ಗೆ ಹೊರಟು ಘಾಟಿ ಇಳಿಯುವಾಗ ಒಮ್ಮೆಯೂ ತೊಂದರೆಯಾಗಿಲ್ಲ. ಮಂಗಳೂರಿಂದ ಎರಡು ತಾಸು ಓಡಿಸಿದ ಮೇಲೆ, ಅದೂ ಏರಿನಲ್ಲೇ ಆಗುವುದು. ಮಧ್ಯಾಹ್ನ ಬಿಸಿಲಿರುವಾಗ ಹತ್ತಿದ ದಿನ ಸ್ವಲ್ಪ ಮಂಕಾಗಿತ್ತು, ಅಷ್ಟೇ. ಮಂಜಿದ್ದ ದಿನ, ಕತ್ತಲಾದ ದಿನ ಮಾತ್ರ ಜೀವ ಬಾಯಿಗೆ. ‘ಮಂಜು’ ಎಂಬ ಪದದ ಕೆಳಗೆ ಎರಡು ಗೆರೆ ಎಳೆದಿದ್ದೆ.

ಉಜಿರೆಯಲ್ಲಿ ಬರೀ ವೈರಿಂಗ್ ಕೆಲಸ ಮಾಡುವ ವಯಸ್ಸಾದ ಒಬ್ಬರಿದ್ದಾರೆ ಎಂದು ನಮ್ಮೂರಿನ ಶಾಲಾ ವ್ಯಾನಿನ ಡ್ರೈವರ್ ಹೇಳಿದ. ಮುಂದಿನ ಸಲ ಹೋಗುವಾಗ ಅಲ್ಲಿ ನಿಲ್ಲಿಸಿದೆ. ಅವರು ಬಾನೆಟ್ ಮುಟ್ಟಲೇ ಇಲ್ಲ. ಕನ್ನಡಕ ಹಾಕಿಕೊಂಡು ನೋಟ್‌ಬುಕ್ಕಿನ ಒಂದೂವರೆ ಪುಟ ಓದಿದರು. ಆಮೇಲೆ, ‘ಮಂಜಿದ್ದಾಗ ನೀವು ಲೈಟ್ ಹಾಕಿದ್ದುಂಟಲ್ಲ?’ ಎಂದು ಕೇಳಿದರು.

‘ಹಾಕದೆ ಇರಕ್ಕಾಗುತ್ತಾ?’

‘ಕತ್ತಲಾದಾಗಲೂ ಹಾಕ್ತೀರಿ. ಹಾಗಾದ್ರೆ ಇದು ಮಂಜೋ, ಲೈಟೋ, ಹೇಗೆ ಗೊತ್ತಾಗುದು? ವಾಪಸ್ ಬರುವಾಗ ನಾನೂ ಬರ್ತೇನೆ ಮೇಡಂ.’

ಸಂಜೆ ಬಂದಾಗ ಅವರು ಎಂಜಿನ್ನಿಗೆ ಹೋಗುವ ಪೆಟ್ರೋಲ್ ಪೈಪಿನ ನಡುವೆ ಒಂದು ಕವಲು ಜೋಡಿಸಿ, ಉದ್ದನೆಯ ರಬ್ಬರ್ ಹೋಸಿನ ತುದಿಯ ಪ್ರೆಶರ್ ಗೇಜನ್ನು ಬಾನೆಟ್ಟಿನ ಹೊರಗೆ ತಂದು, ವೈಪರಿಗೆ ಸಿಕ್ಕಿಸಿ ಟೇಪ್ ಸುತ್ತಿದರು. ಗಾಜಿನ ಆಚೆ ಗಡಿಯಾರದಂಥ ಮುಳ್ಳು ನನ್ನ ಕಣ್ಣೆದುರೇ. ‘ಗೇಜ್ ಒಳಗೆ ತರ್ಲಿಕ್ಕಿಲ್ಲ, ಪೆಟ್ರೋಲ್ ಅದು’ ಎಂದು ಬೆಂಕಿ ಆರಿಸುವ ಸಿಲಿಂಡರನ್ನು ಕಾಲ ಬಳಿ ಇಟ್ಟುಕೊಂಡು ಕೂತರು. (ಓದಿದವರು ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಕೆಲಸ ಬಲ್ಲವರಿಗೇ ಎದೆ ಹೊಡೆದುಕೊಳ್ಳುವಂಥದ್ದು.) ಅಮ್ಮನನ್ನು ಅವರ ಮನೆಯಲ್ಲಿ ಕಾಫಿ ಕುಡಿಯಲು ಕೂರಿಸಿ ನಾವಿಬ್ಬರೂ ಘಾಟಿಗೆ ಹೊರಟೆವು.

ನೆಲ ಮಟ್ಟಸವಾಗಿರುವಲ್ಲಿ ಮುಳ್ಳು ಮೂರು ಕೆ.ಜಿ. ಮೇಲೇ ಇತ್ತು. ಒತ್ತಡವನ್ನು ನಮ್ಮ ಕಡೆ ಎಲ್ಲರೂ ಕೆ.ಜಿ. ಲೆಕ್ಕದಲ್ಲೇ ಹೇಳುವುದು. ಚಾರ್ಮಾಡಿ ಊರು ದಾಟಿ ಏರು ಶುರುವಾಗಿ ಐದಾರು ನಿಮಿಷಕ್ಕೆ ಎರಡೂವರೆ. ಕಾರು ಮುಗ್ಗರಿಸುವ ಮೊದಲೇ ಮುಳ್ಳು ಇಳಿಯತೊಡಗಿತು. ‘ಲೈಟ್ ಹಾಕಿ’ ಅಂದರು. ಹಾಕಿದೆ. ಮುಳ್ಳು ಎರಡಕ್ಕಿಂತ ಕೆಳಗೆ ಬಂತು, ಕಾರಿನ ಉಸಿರು ನಿಂತಂತಾಯಿತು. ‘ತೆಗೀರಿ.’ ತೆಗೆದೆ. ಮುಳ್ಳು ಮತ್ತೆ ಸ್ವಲ್ಪ ಮೇಲೆ. ಮೂರು ಸಲ ಹೀಗೇ ಮಾಡಿಸಿದರು. ಬಾಲ್ಯದಲ್ಲಿ ಜಾದೂ ನೋಡಿದಾಗಿನ ಹಾಗೆ ನನಗೆ ನಗು ಬಂತು. ಅಷ್ಟು ತಿಂಗಳ ಹೆದರಿಕೆ ಒಂದು ಸ್ವಿಚ್ಚಿನಲ್ಲಿ ಕೂತಿತ್ತು.

ಪಂಪ್ ಹೊಸದು, ಫಿಲ್ಟರ್ ಹೊಸದು, ಆದರೂ ಒತ್ತಡ ಬೀಳುತ್ತಿದೆ ಅಂದರೆ ಪಂಪಿಗೆ ಕರೆಂಟೇ ಸಾಲುತ್ತಿಲ್ಲ. ಗ್ಯಾರೇಜಿಗೆ ವಾಪಸು ಬಂದು, ಬಿಸಿ ಆರುವ ಮುಂಚೆ, ಎಂಜಿನ್ ಓಡುತ್ತಿರುವಾಗಲೇ ಮೀಟರ್ ಹಿಡಿದರು. ಬ್ಯಾಟರಿಯಲ್ಲಿ 13.8 ವೋಲ್ಟ್. ಪಂಪಿನ ಬಾಯಲ್ಲಿ ಹತ್ತು ಚಿಲ್ಲರೆ. ನಡುವಿನ ಮೂರೂವರೆ ವೋಲ್ಟ್ ಎಲ್ಲಿ ಹೋಯಿತು? ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಉದ್ದ ವೈರಿನಲ್ಲಿ ಕಟ್ಟಿ, ಇನ್ನೊಂದನ್ನು ಪಂಪಿನ ಅರ್ತಿಂಗ್ ವೈರಿಗೆ ಚುಚ್ಚಿದರು. ಸೊನ್ನೆಯ ಹತ್ತಿರ ತೋರಿಸಬೇಕಾದಲ್ಲಿ ಮೂರಕ್ಕೂ ಮೇಲೆ ತೋರಿಸಿತು.

ಡಿಕ್ಕಿಯ ಮ್ಯಾಟ್ ಎತ್ತಿದಾಗ, ಸ್ಟೆಪ್ನಿಯ ಪಕ್ಕ, ಹಿಂದಿನ ಲೈಟುಗಳಿಗೂ ಪಂಪಿಗೂ ಸೇರಿದ ಒಂದೇ ಅರ್ತಿಂಗ್ ಬೋಲ್ಟು. ಸುತ್ತ ಹಸಿರು ಕಿಲುಬು, ಕೆಳಗೆ ತುಕ್ಕು.

‘ಇನ್ನೊಂದು ಕಡೆ ಇದನ್ನೂ ಚೆಕ್ ಮಾಡಿದ್ರು. ಮೀಟರ್ ಬೀಪ್ ಅಂದಿತ್ತು’ ಅಂದೆ.

‘ಅನ್ತದೆ. ಬೀಪ್ ಆಗ್ಲಿಕ್ಕೆ ಕೂದಲೆಳೆಯಷ್ಟು ವೈರ್ ತಾಗಿದ್ರೆ ಸಾಕು. ಆದ್ರೆ ಪಂಪಿಗೆ ಐದು ಆಂಪಿಯರ್ ಹೋಗ್ಬೇಕಲ್ಲ? ಕೆಲಸ ಮಾಡುವಾಗಲೇ ಅಳೀಬೇಕು ಮೇಡಂ. ಮಲಗಿದವರ ಕೈಯಲ್ಲಿ ಎಷ್ಟು ಬಲ ಉಂಟು ಅಂತ ನೋಡಿದ ಹಾಗೆ ಆಗ್ತದೆ ಇಲ್ಲದಿದ್ರೆ.’

ಆಮೇಲೆ ಅವರು ಬಿಡಿಸಿ ಹೇಳಿದ್ದರ ಸಾರ ಇಷ್ಟು. ತುಕ್ಕು ಹಿಡಿದ ಜಾಗದಲ್ಲಿ ಕರೆಂಟ್ ಹರಿದಷ್ಟೂ ಅದು ಬಿಸಿಯಾಗುತ್ತದೆ. ಬಿಸಿಯಾದಷ್ಟೂ ತಡೆ ಹೆಚ್ಚು. ಅದಕ್ಕೇ ಎರಡು ತಾಸಿನ ನಂತರ ತೊಂದರೆ, ಹದಿನೈದು ನಿಮಿಷ ಆರಿದರೆ ಸರಿ. ಲೈಟ್ ಹಾಕಿದರೆ ಅದರ ಕರೆಂಟೂ ಅದೇ ಬೋಲ್ಟಿನಿಂದ ಮರಳಬೇಕು, ಪಂಪಿನ ಪಾಲಿಗೆ ಇನ್ನೂ ಕಡಿಮೆ. ಸಪಾಟು ರಸ್ತೆಯಲ್ಲಿ ಎಂಜಿನ್ ಕುಡಿಯುವುದೇ ಸ್ವಲ್ಪ, ಮಂಕಾದ ಪಂಪೂ ಸಾಕಾಗುತ್ತದೆ. ಏರಿನಲ್ಲಿ ಬಾಯಾರಿಕೆ ಜಾಸ್ತಿ. ಇನ್ನು ಅಪ್ಪ ಹೊಗಳುತ್ತಿದ್ದ ಆ ಕಂಪ್ಯೂಟರ್? ಈ ಕಾರಿನಲ್ಲಿ ಪೆಟ್ರೋಲಿನ ಒತ್ತಡ ಅಳೆಯುವ ಸೆನ್ಸರೇ ಇಲ್ಲ. ಮೇಲಿನ ಟ್ಯಾಂಕಿನಲ್ಲಿ ನೀರು ಎಷ್ಟಿದೆಯೆಂದು ನೋಡದೆ, ‘ಎರಡು ನಿಮಿಷ ನಲ್ಲಿ ಬಿಟ್ಟಿದ್ದೀನಿ, ಬಕೆಟ್ ತುಂಬಿರುತ್ತೆ’ ಅಂದುಕೊಳ್ಳುವವರ ಹಾಗೆ, ಇಷ್ಟು ಹೊತ್ತು ಇಂಜೆಕ್ಟರ್ ತೆರೆದರೆ ಇಷ್ಟು ಪೆಟ್ರೋಲ್ ಎಂದು ಅದು ನಂಬಿಕೊಂಡಿರುತ್ತದೆ. ಹಾಗಾಗಿ ದೀಪ ಹತ್ತಲಿಲ್ಲ.

ಬೋಲ್ಟ್ ಬಿಚ್ಚಿ, ಉಪ್ಪು ಕಾಗದದಲ್ಲಿ ತಗಡು ಹೊಳೆಯುವ ತನಕ ಉಜ್ಜಿ, ವೈರಿನ ತುದಿಗೆ ಹೊಸ ಲಗ್ ಒತ್ತಿ, ಬಿಗಿದು, ಮೇಲೆ ಗ್ರೀಸ್ ಬಳಿದರು. ಮೀಟರ್ ಸೊನ್ನೆಯ ಪಕ್ಕ ಬಂದು ಕೂತಿತು. ಮುನ್ನೂರೈವತ್ತು ರೂಪಾಯಿ ಕೇಳಿದರು. ನಾನು ಜಾಸ್ತಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಘಾಟಿಗೆ ಹೋಗಿ ಬಂದ ಪೆಟ್ರೋಲ್ ನಿಮ್ಮದೇ ಅಲ್ವಾ ಅಂದರು.

‘ಇಲ್ಲಿಗೆ ನೀರು ಹೇಗೆ ಬಂತು?’ ಎಂದು ಅವರೇ ಕೇಳಿದ್ದು. ಲೈಟಿನ ಸಂದಿಯಿಂದ ಸೋರಿರಬಹುದೇ ಎಂದು ಬಾಟಲಿಯಿಂದ ನೀರು ಸುರಿದು ನೋಡಿದರು. ಸೋರಲಿಲ್ಲ. ಕಾಫಿ ಮುಗಿಸಿ ಬಂದಿದ್ದ ಅಮ್ಮ ಡಿಕ್ಕಿಯೊಳಗೆ ಬಗ್ಗಿ ನೋಡಿ, ‘ಅಯ್ಯೋ, ಕೊಡೆ!’ ಅಂದರು. ಅಪ್ಪನಿಗೆ ಸೀಟು ಒದ್ದೆಯಾದರೆ ಆಗುತ್ತಿರಲಿಲ್ಲ. ಮಳೆಗಾಲ ಪೂರ್ತಿ ಒದ್ದೆ ಕೊಡೆಗಳನ್ನು ಡಿಕ್ಕಿಯ ಅದೇ ಮೂಲೆಗೆ ಎಸೆಯುತ್ತಿದ್ದರು. ಮೂಡಿಗೆರೆಯ ಮಳೆಗಾಲ ಅಂದರೆ ಗೊತ್ತಲ್ಲ. ಅವರ ನಂತರ ನಾನೂ ಯೋಚಿಸದೆ ಅಲ್ಲಿಗೇ ಎಸೆಯುತ್ತಿದ್ದೆ. ಆ ಕ್ಷಣವೂ ಅಲ್ಲಿ ಎರಡು ಕೊಡೆ ಇದ್ದವು.

ಆ ರಾತ್ರಿ ಲೈಟ್ ಹಾಕಿಕೊಂಡೇ ಘಾಟಿ ಹತ್ತಿದೆ. ಸಿಕ್ಕಾಪಟ್ಟೆ ಮಂಜಿತ್ತು. ಎರಡನೇ ಗೇರಿನಿಂದ ಇಳಿಸಬೇಕಾಗಿ ಬರಲಿಲ್ಲ. ಅಮ್ಮ ಅರ್ಧ ದಾರಿ ಕಣ್ಣು ಮುಚ್ಚಿರಲಿಲ್ಲ, ಉಳಿದರ್ಧ ನಿದ್ದೆ ಹೋಗಿದ್ದರು.

ಹೋಲ್ಟರ್ ಮೊದಲ ಸಲ ಕಟ್ಟಿದಾಗ ಏನೂ ಸಿಗಲಿಲ್ಲ. ಎರಡನೇ ಸಲ ಸಿಕ್ಕಿತು. ಬೆಳಗಿನ ಜಾವ ಹೃದಯ ಕೆಲವು ಸೆಕೆಂಡ್ ಬಡಿಯದೆ ಸುಮ್ಮನಿತ್ತು. ಡಿಸೆಂಬರಿನಲ್ಲಿ ಪೇಸ್‌ಮೇಕರ್ ಹಾಕಿದರು, ಆಮೇಲೆ ತಲೆಸುತ್ತು ಬಂದಿಲ್ಲ. ಆಸ್ಪತ್ರೆಯಿಂದ ಅಮ್ಮನನ್ನು ಕರೆತಂದಿದ್ದೂ ಇದೇ ಕಾರಿನಲ್ಲಿ. ಅಣ್ಣ ಬೆಂಗಳೂರಿಂದ ಬಂದವನು ತಾನೇ ಓಡಿಸಿದ. ಘಾಟಿ ಮುಗಿದು ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿನ್ನಲು ಇಳಿಯುವಾಗ ಮಳೆ ಹನಿಯತೊಡಗಿತು. ಅವನು ತಿಂದು ಬಂದು ಡಿಕ್ಕಿ ತೆಗೆದು ಕೊಡೆ ಒಳಗೆ ಹಾಕಲು ಹೊರಟ.

‘ಏಯ್, ಬಕೆಟ್ಟಿಗೆ ಹಾಕೋ!’ ಎಂದು ಅಮ್ಮ ಒಳಗಿನಿಂದಲೇ ಕೂಗಿದರು.