ಹೆಪ್ಪುಗಟ್ಟಿದ ಕೊಳಾಯಿ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಈಗ ದೂರದೇಶಗಳಲ್ಲಿ ಸಂಸಾರ ಹೂಡಿರುವರೆಂಬದನ್ನು ವಾಚಕರು ಬಲ್ಲರು. ಅವರಲ್ಲಿ ಅಮೇರಿಕದ ಟೆಕ್ಸಸ್ ಸಂಸ್ಥಾನದಲ್ಲಿರುವ ಒಬ್ಬಾಕೆಯು ಬರೆದ ಕಾಗದವು ನಮ್ಮನ್ನು ಬಹಳ ಯೋಚನೆಗೆ ಹಚ್ಚಿದ್ದರಿಂದ, ಅದರ ಸಾರವನ್ನು ಇಲ್ಲಿ ಅರಿಕೆಮಾಡುತ್ತೇವೆ.

ಟೆಕ್ಸಸ್ ಸೆಕೆಯ ಸೀಮೆ. ಅಲ್ಲಿಯ ಅನೇಕ ಮನೆಗಳಲ್ಲಿ ನೀರಿನ ಕೊಳವೆಗಳು ಅಟ್ಟದಲ್ಲಿಯೂ ಹೊರಗೋಡೆಗಳಲ್ಲಿಯೂ ಹೊದಿಕೆಯಿಲ್ಲದೆ ಹಾಯುವವು. 2021ನೆಯ ಇಸವಿಯ ಫೆಬ್ರವರಿಯಲ್ಲಿ ಹಿಮಗಾಳಿಯೆದ್ದು, 16ನೆಯ ತಾರೀಖು ಡಲ್ಲಸ್ ನಗರದಲ್ಲಿ ಉಷ್ಣಮಾನವು ಸೊನ್ನೆಗಿಂತ ಸುಮಾರು 19 ಡಿಗ್ರಿ ಸೆಂಟಿಗ್ರೇಡು ಕೆಳಗಿಳಿಯಿತು. ವಿದ್ಯುಚ್ಛಕ್ತಿಯೂ ನಿಂತು ಲಕ್ಷಾಂತರ ಮನೆಗಳು ಒಳಗೂ ತಣ್ಣಗಾದವು. ನಮ್ಮ ವಿದ್ಯಾರ್ಥಿನಿಯ ಪತಿಯು ಪರಸ್ಥಳದಲ್ಲಿದ್ದನು, ಮಡಿಲಲ್ಲಿ ಹಸುಗೂಸು. ಬೆಳಿಗ್ಗೆ ನಲ್ಲಿಯನ್ನು ತಿರುಗಿಸಿದರೆ ಹನಿ ನೀರಿಲ್ಲ.

ನೀರು ಗಡ್ಡೆಯಾಗುವಾಗ ನೂರಕ್ಕೆ ಸುಮಾರು 9ರಷ್ಟು ಹಿಗ್ಗುವದೆಂದು ನಮ್ಮ ಹುಡುಗಿಯರೆಲ್ಲರೂ ಒಪ್ಪಿಸಬಲ್ಲರು. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡವೇ ಹೆಚ್ಚಾಗಿ ಕೊಳವೆಯನ್ನು ಸೀಳುವದು. ಆದರೆ ಗಡ್ಡೆಯು ದಾರಿಯನ್ನು ಕಟ್ಟಿರುವ ತನಕ ಸೀಳು ಸೋರದು; ಕರಗಿದಾಗಲೇ ಮನೆಯೊಳಗೆ ಪ್ರವಾಹ. ಆದಕಾರಣ ಬಿಸಿಲು ಬಂತೆಂದು ನೆರೆಯವರು ಹರ್ಷಿಸಿದಾಗ ಈಕೆಗೆ ಭಯವಾಯಿತು. ಕೂಡಲೆ ಹೊರಗಿನ ಮುಖ್ಯ ತಿರುಪನ್ನು ಮುಚ್ಚಿ, ಮನೆಯ ನಲ್ಲಿಗಳನ್ನೆಲ್ಲ ತೆರೆದಿಟ್ಟಳು. ವಿದ್ಯುತ್ತು ಮರಳಿದ ಮೇಲೆ, ಕಣ್ಣಿಗೆ ಕಾಣುವ ಕೊಳವೆಗಳಿಗೆ ಕೂದಲೊಣಗಿಸುವ ಯಂತ್ರದ ಬಿಸಿಗಾಳಿಯನ್ನು ನಲ್ಲಿಯ ಕಡೆಯಿಂದ ಆರಂಭಿಸಿ ಹಿಂದಕ್ಕೆ ಹಿಡಿಯುತ್ತ ಹೋದಳು. ಬೆಂಕಿಯನ್ನು ಮಾತ್ರ ಹತ್ತಿರ ತರಲಿಲ್ಲ; ಮರದ ಗೋಡೆ ಹೊತ್ತಿಕೊಳ್ಳುವದಷ್ಟೆ. ತರುವಾಯ ತಿರುಪನ್ನು ತುಸುವೇ ತೆರೆದು ಗೋಡೆಗೆ ಕಿವಿಗೊಡಲು, ಸ್ನಾನದ ಕೋಣೆಯಲ್ಲಿ ಸುಯ್ಯೆಂಬ ಸದ್ದು ಕೇಳಿತು. ಮುಚ್ಚಿದಳು, ಒಂದು ಗೋಡೆಯಷ್ಟೇ ಒದ್ದೆಯಾಯಿತು. ಪಕ್ಕದ ಮನೆಯಲ್ಲಾದರೋ ಛಾವಣಿಯೇ ಕಳಚಿಬಿತ್ತು.

ಇಂಥ ಚಳಿಯ ಮುನ್ಸೂಚನೆಯಿದ್ದಾಗ ಕೊಳವೆಗಳಿಗೆ ಹೊದಿಕೆ ಸುತ್ತುವದು, ನಲ್ಲಿಯನ್ನು ಸಣ್ಣಗೆ ಹನಿಯಬಿಡುವದು, ತೊಟ್ಟಿಯ ಕೆಳಗಣ ಕಪಾಟನ್ನು ತೆರೆದು ಕೋಣೆಯ ಶಾಖವನ್ನು ಒಳಬಿಡುವದು ಉತ್ತಮ. ಚಳಿದೇಶದಲ್ಲಿರುವ ನಮ್ಮ ಮಕ್ಕಳು ಇದನ್ನು ಮನಸ್ಸಿನಲ್ಲಿಡಲಿ.

ನಮ್ಮೂರಿನ ಕೊಳಾಯಿಯು ಹೆಪ್ಪುಗಟ್ಟದು; ಒಡೆಯುವದಂತೂ ಉಂಟು. ಆದದರಿಂದ ಈ ವರುಷದಿಂದ, ಆ ಪಾಠವಾದೊಡನೆ ಹುಡುಗಿಯರನ್ನು ಶಾಲೆಯ ಮುಖ್ಯ ತಿರುಪಿನ ಬಳಿಗೆ ಕರೆದೊಯ್ದು, ಒಬ್ಬೊಬ್ಬಳ ಕೈಯಿಂದಲೂ ಅದನ್ನು ಮುಚ್ಚಿಸಿ ತೆರೆಯಿಸುತ್ತಿದ್ದೇವೆ. ತಮ್ಮ ಮನೆಯ ತಿರುಪು ಎಲ್ಲಿದೆಯೆಂಬದನ್ನು ತಾಯಿತಂದೆಗಳೂ ಮಗಳಿಗೆ ತೋರಿಸಿಕೊಡಬೇಕೆಂದು ಬೇಡುತ್ತೇವೆ.