ಬಂಡೆಯ ಮೇಲಿನ ಸಹಿ

ಮಕ್ಕಳೇ, ಕಳೆದ ರಜೆಯಲ್ಲಿ ಮೊಮ್ಮಗಳ ಜೊತೆ ನಮ್ಮ ನೆಮ್ಮಾರಿನಿಂದ ಶೃಂಗೇರಿ, ಕೊಪ್ಪ ದಾಟಿ ಕುಪ್ಪಳಿಗೆ ಹೋಗಿದ್ದೆ. ಕುವೆಂಪು ಬೆಳೆದ ತೊಟ್ಟಿಮನೆಯಲ್ಲಿ ಅವರ ಮನೆಯವರ ಫೋಟೋಗಳಿವೆ. ‘ನೆನಪಿನ ದೋಣಿಯಲ್ಲಿ’ ಬರೆಯುವಾಗ ಅವರಿಗೆ ನೆರವಾದದ್ದು ಜೋಪಾನ ಮಾಡಿದ್ದ ಹಳೆಯ ದಿನಚರಿಗಳು.

ಗುಡ್ಡ ಹತ್ತಿದರೆ ಕವಿಶೈಲ. ಅಲ್ಲಿನ ಬಂಡೆಯಲ್ಲಿ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಹೆಸರುಗಳಿವೆ; 1936ನೇ ಇಸವಿಯೂ ಇದೆ. “ಸಹಿ, ತಾರೀಖು ಎರಡೂ ಸರಿಯಾಗಿವೆ” ಎಂದೆ, ಬ್ಯಾಂಕಿನ ಅಭ್ಯಾಸದಲ್ಲಿ.

“ಅಜ್ಜ, ನಮ್ಮನೆ ಫೋಟೋದಲ್ಲಿ ಪೇಟ ಕಟ್ಟಿದವರು ಯಾರು?” ಎಂದಳು ಮೊಮ್ಮಗಳು.

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದ ನನ್ನ ಅಕ್ಕ ಹೋದ ವರ್ಷ ತೀರಿಕೊಂಡಳು.

ಅಂದು ರಾತ್ರಿಯೇ ಉಳಿದ ಫೋಟೋಗಳ ಹಿಂದೆ ಪೆನ್ಸಿಲಿನಲ್ಲಿ ಹೆಸರು, ಇಸವಿ ಬರೆಯತೊಡಗಿದೆವು. ನೀವೂ ಈ ಭಾನುವಾರ ಅಜ್ಜಿಯ ಪಕ್ಕ ಕುಳಿತು ಕೇಳಿ.