ಗಡಿನಾಡಿನ ಗಣಕಪಾಠ

1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿಹೋದ ನಮ್ಮ ಕಾಸರಗೋಡಿನಲ್ಲಿ, ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದ ಮಗು ಗಣಕವಿಜ್ಞಾನವನ್ನು ಓದಬೇಕೆಂದು ಹಂಬಲಿಸಿದರೆ, ಮನೆಯ ಹಿರಿಯರು ಆ ವಿಷಯದೊಡನೆ ರಾಜ್ಯವನ್ನೂ ಆಯ್ದುಕೊಡಬೇಕಾಗುತ್ತದೆ. ಗಡಿಯ ತಲಪಾಡಿಯನ್ನು ದಾಟಿ ಮಂಗಳೂರಿಗೆ ಹೋದವರಿಗೆ ಪಿಯುಸಿಯ ಪಿಸಿಎಂಸಿ ವಿಭಾಗ ಮತ್ತು ಪೈಥಾನ್ ಎಂಬ ಪ್ರೋಗ್ರಾಮಿನ ಭಾಷೆ. ಊರಿನಲ್ಲಿಯೇ ಉಳಿದವರಿಗೆ ಪ್ಲಸ್ ಒನ್, ಪ್ಲಸ್ ಟು ಮತ್ತು ಸಿ ಪ್ಲಸ್ ಪ್ಲಸ್. ಬಸ್ಸಿನ ಖರ್ಚನ್ನೂ ನಿತ್ಯದ ಆಯಾಸವನ್ನೂ ಲೆಕ್ಕಹಾಕಿ ಊರಿನಲ್ಲಿಯೇ ಉಳಿಯುವ ಮಕ್ಕಳ ವಿಷಯವಾಗಿಯೇ ನನ್ನ ಈ ಮಾತು.

ಕೇರಳದ ವಿದ್ಯಾ ಇಲಾಖೆಯು ಈ ಕ್ಷೇತ್ರದಲ್ಲಿ ಮಾಡಿರುವ ಕಾರ್ಯವು ನಿಸ್ಸಂಶಯವಾಗಿ ಶ್ಲಾಘ್ಯವಾದುದು. 2001ರ ಸುಮಾರಿಗೆ ಐಟಿ@ಸ್ಕೂಲ್ ಎಂಬ ಹೆಸರಿನಿಂದ ಆರಂಭವಾಗಿ ಈಗ ಕೈಟ್ ಎಂಬ ಸಂಸ್ಥೆಯಾಗಿ ಬೆಳೆದಿರುವ ಯೋಜನೆಯು ಸರ್ಕಾರಿ ಶಾಲೆಗಳ ಗಣಕಗಳನ್ನೆಲ್ಲ ಸ್ವತಂತ್ರ ತಂತ್ರಾಂಶದ ಮೇಲೆ ನಡೆಸಿತಲ್ಲದೆ, ಹತ್ತನೆಯ ತರಗತಿಯವರೆಗಿನ ಐಟಿ ಪಠ್ಯಪುಸ್ತಕಗಳನ್ನು ಮಲಯಾಳ, ಇಂಗ್ಲಿಷ್, ತಮಿಳುಗಳೊಡನೆ ಕನ್ನಡದಲ್ಲಿಯೂ ಒದಗಿಸಿತು. ಇಂತಹ ಔದಾರ್ಯವನ್ನು ಉಂಡು ಬೆಳೆದ ಮಗುವಿಗೆ ಪ್ಲಸ್ ಒನ್ನಿನ ಹೊಸ್ತಿಲಲ್ಲಿ ಆ ಆಸರೆಯು ಹಠಾತ್ತನೆ ತಪ್ಪಿಹೋಗುತ್ತದೆ. ಪುಸ್ತಕವು ಇಂಗ್ಲಿಷಿನದು, ವಿವರಣೆಯು ಬಹುಮಟ್ಟಿಗೆ ಮಲಯಾಳದ್ದು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಗೆಳೆಯರ ನಡುವೆ ಸಲೀಸಾಗಿ ಮಲಯಾಳವನ್ನಾಡುವ ಮಗುವಿಗೂ ಒಂದು ತರ್ಕದ ಎಳೆಯನ್ನು ಆ ಭಾಷೆಯಲ್ಲಿ ಕೊನೆಯವರೆಗೆ ಹಿಡಿದು ನಡೆಯುವುದು ಸುಲಭಸಾಧ್ಯವಲ್ಲ.

ಕಳೆದ ಮಳೆಗಾಲದಲ್ಲಿ ಶಾಲೆಯೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಕುಳಿತು ನೋಡುವ ಅವಕಾಶವು ನನಗೆ ದೊರೆಯಿತು. ಒಂದರಿಂದ ಐದರವರೆಗಿನ ಸಂಖ್ಯೆಗಳನ್ನು ಕೂಡಿಸುವ ಪ್ರೋಗ್ರಾಮನ್ನು ಬರೆದ ಹುಡುಗಿಯೊಬ್ಬಳು ಅದನ್ನು ಎಷ್ಟು ಸಲ ನಡೆಸಿದರೂ ಉತ್ತರವು ಬಾರದು. ಅದೇ ಸಾಲುಗಳನ್ನು ಮತ್ತೆ ಮತ್ತೆ ನಡೆಸುವ ಲೂಪು ನಿಲ್ಲದೆ ತಿರುಗುತ್ತಲೇ ಇತ್ತು. ಟೀಚರು ಮಲಯಾಳದಲ್ಲಿ ಬಹಳ ಸಹನೆಯಿಂದ ವಿವರಿಸಿದರು. ಹುಡುಗಿ ತಲೆಯಾಡಿಸಿದಳು, ಆದರೆ ಕೈ ಕೀಲಿಮಣೆಯ ಮೇಲೆ ಹಾಗೆಯೇ ನಿಂತಿತ್ತು. ಆಗ ಪಕ್ಕದಲ್ಲಿದ್ದ ಸಹಪಾಠಿ ರಫ್ ಪುಸ್ತಕವನ್ನು ತೆರೆದು ಎರಡು ಕಾಲಮುಗಳನ್ನು ಎಳೆದು, ಒಂದರ ಮೇಲೆ ಐ ಎಂದೂ ಇನ್ನೊಂದರ ಮೇಲೆ ಸಮ್ ಎಂದೂ ಬರೆದು, ಸಾಲುಸಾಲಾಗಿ 1 ಮತ್ತು 1, 1 ಮತ್ತು 2, 1 ಮತ್ತು 3 ಎಂದು ತುಂಬುತ್ತ, "ನೋಡು ಮಾರಾಯ್ತಿ, ಸಮ್ ಏರ್ತಾ ಹೋಗ್ತದೆ, ನಿನ್ನ ಐ ಒಂದರಲ್ಲೇ ನಿಂತಿದೆ. ಅದು ಐದನ್ನು ದಾಟುವುದು ಯಾವಾಗ?" ಎಂದು ಕೇಳಿದಳು. ಹುಡುಗಿ ಒಂದು ಮಾತನ್ನೂ ಆಡದೆ ಲೂಪಿನ ಆವರಣದೊಳಗೆ, ಕೊನೆಯ ಸಾಲಾಗಿ, ಐ ಬೆಲೆಯನ್ನು ಒಂದೊಂದಾಗಿ ಏರಿಸುವ ಐ ಪ್ಲಸ್ ಪ್ಲಸ್ ಎಂಬುದನ್ನು ಸೇರಿಸಿದಳು. ಪರದೆಯ ಮೇಲೆ 15 ಮೂಡಿತು.

ಪ್ರೋಗ್ರಾಮಿನ ಭಾಷೆಯಲ್ಲಿರುವ ಇಂಗ್ಲಿಷ್ ಪದಗಳು ಕೆಲವೇ. ಅವನ್ನು ಯಾವ ಮಗುವೂ ಕೆಲವು ವಾರಗಳಲ್ಲಿ ಕಲಿತುಬಿಡಬಲ್ಲದು. ಯಾವುದು ಮೊದಲು, ಯಾವುದು ಅನಂತರ, ಯಾವ ಷರತ್ತು ಸುಳ್ಳಾದಾಗ ನಿಲ್ಲಬೇಕು ಎಂಬ ವಿವೇಚನೆಯೇ ಈ ಶಾಸ್ತ್ರದ ಜೀವಾಳವಾಗಿದ್ದು, ಅದು ಮನಸ್ಸಿನಲ್ಲಿ ಬೇರೂರುವುದು ಮಗು ಯೋಚಿಸುವ ಭಾಷೆಯಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕನ್ನಡಕ್ಕೆ ಇದು ಸಲ್ಲದ ಕ್ಷೇತ್ರವೆಂದು ಯಾರೂ ಹೇಳುವಂತಿಲ್ಲ. ಇಂದು ಕನ್ನಡಿಗರು ಬಳಸುತ್ತಿರುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾಯರು ಮಂಗಳೂರಿನ ಸಮೀಪದ ಕಿನ್ನಿಕಂಬಳದವರು, ಅಂದರೆ ನಮ್ಮ ನೆರೆಯವರೇ.

ಇಂಗ್ಲಿಷ್ ಪಠ್ಯವು ಇದ್ದಂತೆಯೇ ಇರಲಿ. ಪರೀಕ್ಷೆಗೂ ಮುಂದಿನ ವ್ಯಾಸಂಗಕ್ಕೂ ಅದು ಆವಶ್ಯಕ. ಆದರೆ ಅದರ ಬದಿಯಲ್ಲಿಟ್ಟು ಓದಿಕೊಳ್ಳಲು ಅನುಕೂಲವಾಗುವ, ಸಂಖ್ಯಾಪದ್ಧತಿಯಿಂದ ಲೂಪಿನವರೆಗಿನ ಅಧ್ಯಾಯಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಸಣ್ಣ ಕೈಪಿಡಿಯೊಂದು ನಮ್ಮ ಮಕ್ಕಳಿಗೆ ಬೇಕಾಗಿದೆ. ಈ ಅಂಕಣವನ್ನು ಓದುವವರಲ್ಲಿ ಗಣಕವಿಜ್ಞಾನದ ಅಧ್ಯಾಪಕರಿದ್ದರೆ ತಲಾ ಒಂದೊಂದು ಅಧ್ಯಾಯವನ್ನಾದರೂ ಬರೆದುಕೊಡಬೇಕೆಂದೂ, ಗಡಿನಾಡಿನ ಕನ್ನಡ ಸಂಘಗಳು ಅದನ್ನು ಅಚ್ಚುಹಾಕಿಸುವ ಹೊಣೆಯನ್ನು ಹೊರಬೇಕೆಂದೂ ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.